ಡೆಸ್ಟ್ರಾಯರ್‌ಗೆ 76 ಮಿಲಿಮೀಟರ್ ತೋಪು ಸಾಕೇ?

7,400 ಟನ್ ತೂಗುವ ಐಎನ್‌ಎಸ್ ವಿಶಾಖಪಟ್ಟಣಂ ಎಂಬ ಡೆಸ್ಟ್ರಾಯರ್‌ಗೆ (ವೇಗದ ಯುದ್ಧನೌಕೆಗೆ) 76 ಮಿಲಿಮೀಟರ್ ತೋಪನ್ನಷ್ಟೇ ಕೂಡಿಸಿದ್ದಾರೆ, ಅಮೆರಿಕದವರು 127, ರಷ್ಯದವರು 130 ಮಿಲಿಮೀಟರ್ ತೋಪು ಇಟ್ಟುಕೊಂಡಿರುವಾಗ ನಮ್ಮದು ಇಷ್ಟು ಸಣ್ಣದೇಕೆ, ಚಿಕ್ಕ ಯುದ್ಧನೌಕೆಗಳಿಗೆ ಯಾವ ಅಳತೆ ಸರಿ ಎಂದು ನೀವು ಕೇಳಿದ್ದೀರಿ. ನೌಕಾಪಡೆಯಲ್ಲಿ ತೋಪಿನ ವಿಭಾಗದಲ್ಲೇ ದುಡಿದು ನಿವೃತ್ತನಾಗಿ ಈಗ ವಿಜಯಪುರದಲ್ಲಿ ನೆಲೆಸಿರುವ ನನಗೆ ಇದು ಬಹಳ ಹತ್ತಿರದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಕ್ಯಾಲಿಬರ್ ಎಂಬ ಮಾತಿನ ಎರಡು ಅರ್ಥಗಳನ್ನು ಬಿಡಿಸಿಕೊಳ್ಳಬೇಕು. ಒಂದು, ನಳಿಗೆಯ ಒಳವ್ಯಾಸ. ಇನ್ನೊಂದು, ನಳಿಗೆಯ ಉದ್ದ ಆ ವ್ಯಾಸದ ಎಷ್ಟು ಪಟ್ಟು ಎಂಬ ಲೆಕ್ಕ. ನಮ್ಮೂರಿನ ಶೆರ್ಜಾ ಬುರುಜಿನ ಮೇಲಿರುವ, 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ ತೋಪಿನ ಬಾಯಿ ಸುಮಾರು 700 ಮಿಲಿಮೀಟರ್. ಉದ್ದ ಸುಮಾರು ನಾಲ್ಕೂವರೆ ಮೀಟರ್, ಅಂದರೆ ಬಾಯಿಯ ಆರೂವರೆ ಪಟ್ಟಿನೊಳಗೇ. ತೂಕ ಸುಮಾರು 55 ಟನ್. ವಿಶಾಖಪಟ್ಟಣಂ ಮೇಲಿನ ತೋಪಿನ ನಳಿಗೆಯದು 76ರ 62 ಪಟ್ಟು, ಎಂದರೆ 4.7 ಮೀಟರ್. ಉದ್ದದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸಮ! ಮದ್ದಿನ ಅನಿಲವು ಗುಂಡನ್ನು ನಳಿಗೆಯುದ್ದಕ್ಕೂ ಬಿಡದೆ ತಳ್ಳುವುದರಿಂದಲೇ ಸಣ್ಣ ಬಾಯಿಯ ಈ ತೋಪು ಸುಮಾರು 16 ಕಿಲೋಮೀಟರ್ ದೂರ ಹೊಡೆಯುತ್ತದೆ. ಬಾಯಿ ದೊಡ್ಡದಾದಷ್ಟೂ ತೋಪು ದೊಡ್ಡದು ಎಂಬ ಎಣಿಕೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಇನ್ನು ನಿಜವಾದ ತೊಡಕು ತೂಕದ್ದು. ವ್ಯಾಸ ಹೆಚ್ಚಿದಂತೆ ಗುಂಡಿನ ತೂಕ ಅದರ ಘನದ ಲೆಕ್ಕದಲ್ಲಿ ಏರುತ್ತದೆ. 76 ಮಿಲಿಮೀಟರ್ ಗುಂಡು ಸುಮಾರು 6.3 ಕಿಲೋ ಇದ್ದರೆ, 127 ಮಿಲಿಮೀಟರ್ ಗುಂಡು ಸುಮಾರು 32 ಕಿಲೋ: ಬಾಯಿ ಎರಡು ಪಟ್ಟೂ ಆಗಿಲ್ಲ, ತೂಕ ಐದು ಪಟ್ಟಾಯಿತು. ಡೆಕ್ಕಿನ ಕೆಳಗೆ ತಿರುಗುವ ಮ್ಯಾಗಜೀನಿಗೆ, ಎಂದರೆ ಗುಂಡಿನ ಪೆಟ್ಟಿಗೆಗೆ, 76ರ ಗುಂಡುಗಳನ್ನು ನಾವು ಕೈಯಿಂದಲೇ ತುಂಬುತ್ತಿದ್ದೆವು. ಹಿತ್ತಾಳೆಯ ಕವಚ, ಮದ್ದು ಎಲ್ಲ ಸೇರಿ ಒಂದೊಂದು ಹನ್ನೆರಡು ಕಿಲೋಗೂ ಸ್ವಲ್ಪ ಮೇಲೆ. ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಹಡಗು ಹೊಯ್ದಾಡುವಾಗ ಎರಡೂ ಕೈಗಳು ಗುಂಡನ್ನು ತಬ್ಬಿರುತ್ತವೆ, ಆಸರೆಗೆ ಹಿಡಿಯಲು ಮೂರನೆಯ ಕೈ ಇರುವುದಿಲ್ಲ. ಬೆನ್ನನ್ನು ಗೋಡೆಗೆ ಆನಿಸಿ, ಹಡಗು ನಮ್ಮ ಕಡೆಗೆ ವಾಲುವ ಗಳಿಗೆಯನ್ನು ಕಾದು ಗುಂಡನ್ನು ಒಳಗೆ ಇಳಿಸಬೇಕಾಗುತ್ತಿತ್ತು. ಮ್ಯಾಗಜೀನಿನಲ್ಲಿ ಹಿಡಿಸುವುದು ಸುಮಾರು 80 ಗುಂಡು. ನಿಮಿಷಕ್ಕೆ 120ರಂತೆ ಹಾರಿಸಿದರೆ ಅದು 40 ಸೆಕೆಂಡಿನಲ್ಲಿ ಬರಿದಾಗುತ್ತದೆ.

ಹನ್ನೆರಡು ಕಿಲೋಗೇ ಇಷ್ಟು ಪಾಡಾದರೆ 45 ಕಿಲೋ ಗುಂಡಿನ ಗತಿ ಏನು? ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಇದನ್ನು ಪರೀಕ್ಷಿಸಿ ನೋಡಿದರು. 1940ರಿಂದ ಬಂದ ತಮ್ಮ ಡೆಸ್ಟ್ರಾಯರ್‌ಗಳಿಗೆ ಅವರು ಅವಕ್ಕಿಂತ ದೊಡ್ಡ ಯುದ್ಧನೌಕೆಗಳಾದ ಕ್ರೂಸರ್‌ಗಳ ಅಳತೆಯಾದ 150 ಮಿಲಿಮೀಟರ್ ತೋಪುಗಳನ್ನು ಕೂಡಿಸಿದರು. ಒಂದು ಸಿಮೆಂಟ್ ಚೀಲಕ್ಕೆ ಸ್ವಲ್ಪವೇ ಕಡಿಮೆ ತೂಗುವ ಗುಂಡನ್ನು ಒದ್ದೆ ಡೆಕ್ಕಿನ ಮೇಲೆ ಎತ್ತಿ ತುಂಬಬೇಕು. ಜೊತೆಗೆ ಮುಂಭಾಗದ ಭಾರದಿಂದ ಹಡಗಿನ ಮೂತಿ ಅಲೆಗಳಲ್ಲಿ ಹೂತು ನೀರು ಮೇಲೇರುತ್ತಿತ್ತು. 1943ರ ಡಿಸೆಂಬರ್ 28ರಂದು ಬಿಸ್ಕೆ ಕೊಲ್ಲಿಯಲ್ಲಿ ಇಂಥ ಡೆಸ್ಟ್ರಾಯರ್‌ಗಳೂ ಟಾರ್ಪಿಡೊ ದೋಣಿಗಳೂ ಸೇರಿ ಹನ್ನೊಂದು ಜರ್ಮನ್ ಹಡಗುಗಳು ಬ್ರಿಟಿಷರ ಎರಡೇ ಕ್ರೂಸರ್‌ಗಳನ್ನು ಎದುರಿಸಿ ಮೂರು ಹಡಗುಗಳನ್ನು ಕಳೆದುಕೊಂಡವು. ಎದ್ದ ಕಡಲಿನಲ್ಲಿ ದೊಡ್ಡ ತೋಪು ಅವರಿಗೆ ನೆರವಾಗಲಿಲ್ಲ.

ಬ್ರಿಟಿಷರ ತಪ್ಪು ಬೇರೆ ಬಗೆಯದು. ಅವರ 120 ಮಿಲಿಮೀಟರ್ ತೋಪು ಹಡಗಿಗೆ ಒಪ್ಪುವಂಥದ್ದೇ ಆಗಿತ್ತು, ಆದರೆ ಬಹುಪಾಲು ಡೆಸ್ಟ್ರಾಯರ್‌ಗಳಲ್ಲಿ ನಳಿಗೆ 40 ಡಿಗ್ರಿಗಿಂತ ಮೇಲಕ್ಕೆ ಏಳುತ್ತಿರಲಿಲ್ಲ. ನೆತ್ತಿಯ ಮೇಲಿಂದ ಎರಗುವ ಜರ್ಮನ್ ಸ್ಟೂಕಾ ವಿಮಾನಗಳಿಗೆ ಅದರಲ್ಲಿ ಉತ್ತರವಿರಲಿಲ್ಲ. 1940ರ ನಾರ್ವೆಯಲ್ಲೂ 1941ರ ಕ್ರೀಟ್‌ನಲ್ಲೂ ಅದಕ್ಕೆ ಬೆಲೆ ತೆತ್ತರು. ಅಮೆರಿಕದವರು 1934ರಿಂದ ಡೆಸ್ಟ್ರಾಯರ್‌ಗಳಿಗೆ ಹಾಕಿದ 127 ಮಿಲಿಮೀಟರ್, 38 ಪಟ್ಟಿನ ತೋಪು 85 ಡಿಗ್ರಿ ಏಳುತ್ತಿತ್ತು; ಗುಂಡು 25 ಕಿಲೋ, ಮದ್ದಿನ ಕವಚ ಪ್ರತ್ಯೇಕ, ಒಳಕ್ಕೆ ತಳ್ಳಲು ಯಂತ್ರ. ಮನುಷ್ಯನ ತೋಳಿನ ಶಕ್ತಿಯನ್ನು ಅಳೆದು ಮಾಡಿದ ಆಯ್ಕೆ ಅದು. ಆ ಕಾಲದ ಡೆಸ್ಟ್ರಾಯರ್ ತೋಪುಗಳಲ್ಲಿ ಅದಕ್ಕೆ ಸಾಟಿಯಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗಾದರೆ 76 ಎಲ್ಲಿಂದ ಬಂತು? ಈ ಅಳತೆ ಹಳೆಯದೇ. 1893ರಲ್ಲಿ ನೀರಿಗಿಳಿದ ಬ್ರಿಟಿಷರ ಮೊದಮೊದಲ ಡೆಸ್ಟ್ರಾಯರ್ ಹ್ಯಾವೊಕ್ ಮೇಲೆ ಒಂದು 76 ಮಿಲಿಮೀಟರ್, ಮೂರು 57 ಮಿಲಿಮೀಟರ್ ತೋಪುಗಳಿದ್ದವು. ಅದಕ್ಕೆ ಮರುಹುಟ್ಟು ಕೊಟ್ಟದ್ದು ಜಪಾನಿನ ಆತ್ಮಾಹುತಿ ವಿಮಾನಗಳು. ಅವುಗಳನ್ನು ತಡೆಯಲು 40 ಮಿಲಿಮೀಟರ್ ಗುಂಡಿನ ಪೆಟ್ಟು ಸಾಲದಾಯಿತು. ಗುರಿಯ ಸಮೀಪಕ್ಕೆ ಬಂದಾಗ ತಾನಾಗಿ ಸಿಡಿಸುವ ರೇಡಿಯೊ ಫ್ಯೂಜು ಅದರೊಳಗೆ ಹಿಡಿಸುತ್ತಲೂ ಇರಲಿಲ್ಲ. ಅಂದಿನ ಫ್ಯೂಜು ಹಿಡಿಸುವ ಅತಿ ಸಣ್ಣ ಗುಂಡು 76 ಆಗಿತ್ತು. ಇಂದು ಫ್ಯೂಜು ಕುಗ್ಗಿರುವುದರಿಂದಲೇ 57 ಮಿಲಿಮೀಟರ್ ತೋಪೂ ಮತ್ತೆ ಬಳಕೆಗೆ ಬಂದಿದೆ.

ಈಗ ನಿಮ್ಮ ಹೋಲಿಕೆಗೆ ಬರುತ್ತೇನೆ. ನಿಮಿಷಕ್ಕೆ 20 ಗುಂಡು ಹಾರಿಸುವ ಅಮೆರಿಕದ 127 ಸುಮಾರು 640 ಕಿಲೋ ಎಸೆದರೆ, 120 ಗುಂಡಿನ ನಮ್ಮ 76 ಸುಮಾರು 750 ಕಿಲೋ ಎಸೆಯುತ್ತದೆ. ಮದ್ದುಗುಂಡು ಬಿಟ್ಟರೆ 76ರ ತೂಕ ಎಂಟು ಟನ್ನಿನೊಳಗೆ, 127ರದು ಇಪ್ಪತ್ತಕ್ಕೂ ಮೇಲೆ. ನೀರಿನ ಮಟ್ಟದಲ್ಲಿ ನುಗ್ಗಿ ಬರುವ ಕ್ಷಿಪಣಿಯನ್ನು ಹೊಡೆಯಲು ಸಿಗುವ ಕಾಲಾವಕಾಶ ಕೆಲವೇ ಸೆಕೆಂಡು; ಅಲ್ಲಿ ಗುಂಡುಗಳ ಸಂಖ್ಯೆಯೇ ಮುಖ್ಯ. 2024ರ ಮಾರ್ಚ್‌ನಲ್ಲಿ ಕೆಂಪು ಸಮುದ್ರದಲ್ಲಿ ಇಟಲಿಯ ಯುದ್ಧನೌಕೆ ಕಾಯೊ ದುಯಿಲಿಯೊ ಡ್ರೋನೊಂದನ್ನು ಉರುಳಿಸಿದ್ದು 76 ಮಿಲಿಮೀಟರ್ ತೋಪಿನಿಂದಲೇ. ಆದರೆ ದಡದ ಮೇಲಿನ ಬಂಕರನ್ನು ಒಡೆಯಲು ಆರು ಕಿಲೋ ಗುಂಡು ಸಾಲದು. ಸೈನಿಕರು ದಡಕ್ಕೆ ಇಳಿದ ಮೇಲೆ ಅವರಿಗೆ ಬೇಕಾಗುವುದು ದೊಡ್ಡ ಗುಂಡು. 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಬ್ರಿಟಿಷರ 113 ಮಿಲಿಮೀಟರ್ ತೋಪುಗಳು ಅದನ್ನು ತೋರಿಸಿದವು.

ಆದ್ದರಿಂದ ನನ್ನ ತೀರ್ಮಾನ ಎರಡು ಬಗೆ. ಕಾರ್ವೆಟ್, ಗಸ್ತು ನೌಕೆ, ನಾಲ್ಕು ಸಾವಿರ ಟನ್‌ವರೆಗಿನ ಫ್ರಿಗೇಟ್, ಇಂಥ ಚಿಕ್ಕ ಯುದ್ಧನೌಕೆಗಳಿಗೆ ನಾನು 76 ಬಿಟ್ಟು ಬೇರೆ ತೋಪು ಕೇಳುವುದಿಲ್ಲ. ಆದರೆ ವಿಶಾಖಪಟ್ಟಣಂನಂಥ 163 ಮೀಟರ್ ಉದ್ದದ ಹಡಗು 127ರ ಭಾರವನ್ನು ಸಲೀಸಾಗಿ ಹೊರಬಲ್ಲದು. ಅದನ್ನು ಕೂಡಿಸದೆ ಹೋದದ್ದು ನನಗೆ ಇಂದಿಗೂ ಬೇಸರದ ಸಂಗತಿ. 2023ರ ನವೆಂಬರ್‌ನಲ್ಲಿ ರಕ್ಷಣಾ ಸಚಿವಾಲಯವು ಸುಧಾರಿತ 76 ಮಿಲಿಮೀಟರ್ ತೋಪು 16ಕ್ಕೆ ಬಿಎಚ್‌ಇಎಲ್ ಜೊತೆ ಒಪ್ಪಂದ ಮಾಡಿಕೊಂಡಿದೆ. ಅವು ಹರಿದ್ವಾರದ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಬಿಡಿಭಾಗವೂ ದುರಸ್ತಿಯೂ ದೇಶದೊಳಗೇ ಸಿಗುವ ತೋಪನ್ನು ನಡೆಸುವುದು ಎಷ್ಟು ಹಗುರ ಎಂಬುದನ್ನು, ವಿದೇಶದಿಂದ ಒಂದು ಸಣ್ಣ ಸ್ಪ್ರಿಂಗು ಬರಲೆಂದು ತಿಂಗಳುಗಟ್ಟಲೆ ಕಾದ ನಾನು ಬಲ್ಲೆ.