ಸೀರಮ್ ಬಿಡಿ, ಮೊದಲು ಕೋಶದ ವಯಸ್ಸು ಕೇಳಿ

ಲ್ಯಾಬಿನಲ್ಲಿ ಬೆಳೆಸುತ್ತಿರುವ ಚರ್ಮದ ಫೈಬ್ರೊಬ್ಲಾಸ್ಟ್ (ಅಂಗಾಂಶಕ್ಕೆ ನಾರು ಒದಗಿಸುವ) ಕೋಶಗಳು ಬೆಳೆಯುವುದನ್ನೇ ನಿಲ್ಲಿಸಿವೆ, ಯಾವ ಸೀರಮ್ (ಕೋಶಗಳಿಗೆ ಹಾಕುವ ಪೋಷಕ ದ್ರವ) ತರಿಸಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನು ಮೂರು ಬಾಟಲಿ ತರಿಸಿ ಸುರಿದವನು.

ಶಿವಮೊಗ್ಗದಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುವಾಗ ಸೀನಿಯರ್ ಒಬ್ಬರು ಫ್ಲಾಸ್ಕ್ ಕೈಗಿಟ್ಟು ಹೋದರು. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಪ್ಯಾಸೇಜ್ ನಂಬರ್, ಅಂದರೆ ಕೋಶಗಳನ್ನು ಎಷ್ಟು ಸಲ ಹೊಸ ಫ್ಲಾಸ್ಕ್‌ಗೆ ಹಂಚಿದ್ದಾರೆ ಎಂಬ ಲೆಕ್ಕ, ಇತ್ತು. ಕ್ರಿಮಿ ಸೇರದಂತೆ ಕೆಲಸ ಮಾಡುವ ಹುಡ್ ಒಳಗೆ ಇಡುವ ಮೊದಲು ಸ್ಪಿರಿಟ್ ಹಾಕಿ ಒರೆಸಿದೆ. ನಂಬರ್ ಪೂರ್ತಿ ಬೆರಳಿಗೆ ಬಂತು. ಫೋನ್ ಮಾಡಿ ಕೇಳಬಹುದಿತ್ತು. ಸುಮ್ನೆ 'ಪಿ 1' ಅಂತ ಬರೆದೆ, ನನಗೆ ಅದು ಮೊದಲನೆಯದಲ್ವಾ! ಅಷ್ಟಕ್ಕೇ ಮುಗಿಯಲಿಲ್ಲ. ಪ್ರತಿ ಸಲ ಒಂದು ಫ್ಲಾಸ್ಕನ್ನು ನಾಲ್ಕಕ್ಕೆ ಹಂಚುತ್ತಿದ್ದೆ. ಕಾಲು ಭಾಗ ಕೋಶ ಮತ್ತೆ ಫ್ಲಾಸ್ಕ್ ತುಂಬಬೇಕಾದರೆ ಎರಡು ಸಲ ದುಪ್ಪಟ್ಟಾಗಬೇಕು. ನಾನು ಹಂಚಿದ್ದು 12 ಸಲ, ಅಂದರೆ 24 ದುಪ್ಪಟ್ಟು. ಸೀನಿಯರ್ ಕೈಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಆಗಿತ್ತಂತೆ. ಮನುಷ್ಯರ ಇಂಥ ಕೋಶ 40ರಿಂದ 60 ಸಲ ದುಪ್ಪಟ್ಟಾಗಿ ನಿಲ್ಲುತ್ತದೆ ಎಂದು ಹೇಫ್ಲಿಕ್ ಮತ್ತು ಮೂರ್‌ಹೆಡ್ ಎಂಬ ವಿಜ್ಞಾನಿಗಳು 1961ರಲ್ಲೇ ತೋರಿಸಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಬೇರೆ ತಗೊಂಡಿದ್ದೆ. ಪ್ಯಾಸೇಜ್ ಬೇರೆ, ದುಪ್ಪಟ್ಟು ಬೇರೆ ಅಂತ ತಲೆಗೆ ಹೋಗಿರಲಿಲ್ಲ.

ಮಳೆಗಾಲ, ಬೂಷ್ಟು ಬಂದಿರಬೇಕು ಅಂತ ಇನ್‌ಕ್ಯುಬೇಟರ್ ತಿಕ್ಕಿದ್ದೇ ತಿಕ್ಕಿದ್ದು. ನಾಲ್ಕು ತಿಂಗಳು ಹೋಯಿತು. ಮೈಕ್ರೋಸ್ಕೋಪ್ ಆಗಲೇ ಹೇಳುತ್ತಿತ್ತು. ಎಳೆಯ ಕೋಶಗಳು ಮೀನಿನ ಹಾಗೆ ಸಪೂರವಾಗಿ, ಒಂದೇ ದಿಕ್ಕಿಗೆ ಸಾಲು ಹಿಡಿದಿರುತ್ತವೆ. ನನ್ನವು ಕಾವಲಿ ಮೇಲಿನ ನೀರುದೋಸೆಯ ಹಾಗೆ ಅಡ್ಡಾದಿಡ್ಡಿ ಹರಡಿಕೊಂಡಿದ್ದವು. ಸತ್ತಿರಲಿಲ್ಲ, ಮುದಿಯಾಗಿದ್ದವು.

ಸಾಗರದ ಮನೆಗೆ ಹೋದಾಗ ಅಮ್ಮ ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ನಿನ್ನೆಯ ಮೊಸರು ಇವತ್ತಿಗೆ, ಇವತ್ತಿನದು ನಾಳೆಗೆ. ಇದು ಯಾಕೆ ನಿಲ್ಲಲ್ಲ ಅಂತ ಅಲ್ಲೇ ಕೂತು ಯೋಚಿಸಿದೆ. ಮೊಸರಿನ ಬ್ಯಾಕ್ಟೀರಿಯಾದ ಡಿಎನ್‌ಎ ಬಳೆಯ ಹಾಗೆ, ತುದಿಯೇ ಇಲ್ಲ. ನಮ್ಮ ಡಿಎನ್‌ಎಗೆ ತುದಿ ಇದೆ. ನಕಲಾದಾಗಲೆಲ್ಲ ಆ ತುದಿ, ಅದೇ ಟೆಲೊಮಿಯರ್, ಚೂರು ಸವೆಯುತ್ತದೆ. ತೀರಾ ಸವೆದರೆ ಕೋಶ ದುಪ್ಪಟ್ಟಾಗುವುದನ್ನೇ ನಿಲ್ಲಿಸುತ್ತದೆ.

ಪಕ್ಕದ ಬೆಂಚಿನ ಹೀಲಾ ಕೋಶಗಳು ಚೆನ್ನಾಗಿ ಬೆಳೆಯುತ್ತಿವೆ ಅಂದಿರಲ್ಲ, ಆ ಹೋಲಿಕೆಯೇ ತಪ್ಪು. ಅವು 1951ರಲ್ಲಿ ತೆಗೆದ ಕ್ಯಾನ್ಸರ್ ಗಡ್ಡೆಯವು. ಟೆಲೊಮರೇಸ್ ಎಂಬ ಕಿಣ್ವ ಇಟ್ಟುಕೊಂಡು ತುದಿ ಕಟ್ಟಿಕೊಳ್ಳುತ್ತಲೇ ಇರುತ್ತವೆ.

ಮುದಿ ಕೋಶ ಗುರುತಿಸುವ ಬೀಟಾ-ಗ್ಯಾಲಕ್ಟೊಸಿಡೇಸ್ ಬಣ್ಣ ಹಾಕಿ ನೋಡಿ. ಬಹಳಷ್ಟು ಕೋಶ ನೀಲಿಯಾದರೆ ಆ ಫ್ಲಾಸ್ಕ್ ಮೇಲಿನ ಆಸೆ ಬಿಡಿ. ಕೋಶ ಫ್ರೀಜ್ ಮಾಡಿಡುವ ದ್ರವ ನೈಟ್ರೋಜನ್ ಡಬ್ಬಿಯಲ್ಲಿ ಕಡಿಮೆ ಪ್ಯಾಸೇಜ್ ನಂಬರಿನ ವಯಲ್ (ಪುಟ್ಟ ಶೀಷೆ) ಇದೆಯಾ ಅಂತ ರಿಜಿಸ್ಟರ್ ತೆಗೆಸಿ. ಫ್ರೀಜ್ ಮಾಡಿದ ಕೋಶ ಎಷ್ಟು ವರ್ಷ ಮಲಗಿದ್ದರೂ ಹಳೇ ಲೆಕ್ಕದಿಂದಲೇ ಮುಂದುವರಿಯುತ್ತದೆ. ನಂಬರನ್ನು ಮುಚ್ಚಳದ ಮೇಲಲ್ಲ, ನೋಟ್‌ಬುಕ್‌ನಲ್ಲಿ ಬರೆಯಿರಿ.