ಕೈಗೆ ತಣ್ಣಗಿದ್ದರೆ ಕೆಲಸ ಮಾಡುತ್ತಿದೆ ಎಂದರ್ಥ

ಪ್ರಶ್ನೆ: ನಮ್ಮ ಈಜುಕೊಳದ ನೀರನ್ನು ಬೆಚ್ಚಗೆ ಮಾಡುವ ಎಂಟು ಕಪ್ಪು ಪ್ಲಾಸ್ಟಿಕ್ ಸೋಲಾರ್ ಫಲಕಗಳು ಚಾವಣಿಯ ಮೇಲಿವೆ. ಹಾಕಿಸಿ ಹನ್ನೊಂದು ವರ್ಷವಾಯಿತು. ಈಗ ಎರಡು ಕಡೆ ಸೋರುತ್ತಿದೆ. ನೋಡಲು ಬಂದವರು, ‘ಇವುಗಳ ಆಯುಸ್ಸು ಮುಗಿಯಿತು, ಎಂಟನ್ನೂ ಬದಲಾಯಿಸಿ’ ಎಂದು ಹೇಳಿ ಹೋದರು. ಬದಲಾಯಿಸಲೇಬೇಕೆ?

ಉತ್ತರ: ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಒಳ್ಳೆಯ ಫಲಕಗಳು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಬಾಳುತ್ತವೆ. ಹನ್ನೊಂದು ಎಂದರೆ ನಡುವಯಸ್ಸು. ಇಪ್ಪತ್ತಾರು ವರ್ಷ ಇವುಗಳನ್ನು ಕೂರಿಸುವುದು, ಬಿಚ್ಚುವುದು, ತೇಪೆ ಹಾಕುವುದೇ ನನ್ನ ಕೆಲಸವಾಗಿತ್ತು. ‘ಎಲ್ಲವನ್ನೂ ಬದಲಾಯಿಸಿ’ ಎನ್ನುವವರಲ್ಲಿ ಅರ್ಧಕ್ಕರ್ಧ ಜನ ಏಣಿಯನ್ನೇ ಹತ್ತಿರುವುದಿಲ್ಲ.

ಪಂಪು ಓಡುತ್ತಿರುವಾಗಲೇ ಮೇಲೆ ಹತ್ತಿ ನೋಡಿ. ಇಳಿಜಾರು ಚಾವಣಿಯಾದರೆ ಒಬ್ಬರೇ ಹೋಗಬೇಡಿ, ಏಣಿಯನ್ನು ಯಾರಾದರೂ ಹಿಡಿದಿರಲಿ. ನೀರು ಎಷ್ಟು ಸೋರುತ್ತಿದೆ ಎನ್ನುವುದಕ್ಕಿಂತ ಎಲ್ಲಿಂದ ಸೋರುತ್ತಿದೆ ಎನ್ನುವುದು ಮುಖ್ಯ. ನೀರು ಇಳಿಜಾರಿನಲ್ಲಿ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಆದ್ದರಿಂದ ಒದ್ದೆಯ ಜಾಡು ಹಿಡಿದು ಮೇಲ್ಮುಖವಾಗಿ ಹೋಗಿ.

ಎರಡು ಫಲಕಗಳು ಕೂಡುವ ಕಡೆ ಸೋರುತ್ತಿದ್ದರೆ ಫಲಕದ್ದು ತಪ್ಪೇ ಅಲ್ಲ. ಅಲ್ಲಿರುವುದು ರಬ್ಬರ್ ತೋಳು ಮತ್ತು ಎರಡು ಕ್ಲಾಂಪುಗಳು, ಇಲ್ಲವೇ ಒಂದು ರಬ್ಬರ್ ಉಂಗುರ. ಬಿಸಿಲಿಗೆ ರಬ್ಬರ್ ಬೇಗ ಗಡುಸಾಗುತ್ತದೆ, ಪ್ಲಾಸ್ಟಿಕ್ ಅಷ್ಟು ಬೇಗ ಸೋಲುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಒಂದು ಉಂಗುರ ಕೆಟ್ಟದ್ದಕ್ಕೆ ಇಡೀ ಸಾಲನ್ನು ಕಿತ್ತುಹಾಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕ್ಲಾಂಪನ್ನು ಅರ್ಧ ಸುತ್ತು ಬಿಗಿ ಮಾಡಿ ನೋಡಿ. ಅದಕ್ಕೂ ನಿಲ್ಲದಿದ್ದರೆ ರಬ್ಬರ್ ಬದಲಾಯಿಸಿ. ಇನ್ನೂ ಬಿಗಿಯುತ್ತಾ ಹೋದರೆ ಕ್ಲಾಂಪು ರಬ್ಬರನ್ನೇ ಕತ್ತರಿಸುತ್ತದೆ.

ಫಲಕದ ನಡುವೆ ಒಂದು ಸಣ್ಣ ಕೊಳವೆ ಬಿರಿದಿದ್ದರೆ ಅಂಟು ಹಚ್ಚುವ ಆಸೆ ಬಿಡಿ. ಪಾಲಿಪ್ರೊಪಿಲೀನ್ ಮೇಲ್ಮೈ ಅಂಟನ್ನು ಹಿಡಿದುಕೊಳ್ಳುವುದಿಲ್ಲ. ಇವತ್ತು ಕಚ್ಚಿಕೊಂಡಂತೆ ಕಂಡದ್ದು ನಾಲ್ಕು ಬಿಸಿಲಿಗೆ ಸಿಪ್ಪೆಯಂತೆ ಏಳುತ್ತದೆ. ಆ ಒಂದು ಕೊಳವೆಯನ್ನು ಮೇಲಿನ ಮತ್ತು ಕೆಳಗಿನ ದಪ್ಪ ಕೊಳವೆಗಳ ಹತ್ತಿರ ಕತ್ತರಿಸಿ, ತಯಾರಕರು ಕೊಡುವ ಬಿರಡೆಯನ್ನು ಎರಡೂ ತುದಿಗೆ ತುರುಕಿದರೆ ಮುಗಿಯಿತು. ಹತ್ತಾರು ಕೊಳವೆಗಳಲ್ಲಿ ಒಂದು ಹೋದರೆ ಈಜುವವರಿಗೆ ಗೊತ್ತೂ ಆಗುವುದಿಲ್ಲ.

ಚಿಂತೆ ಮಾಡಬೇಕಾದದ್ದು ಸಣ್ಣ ಕೊಳವೆಗಳು ದಪ್ಪ ಕೊಳವೆಯನ್ನು ಸೇರುವ ಬುಡದಲ್ಲಿ ಬಿರುಕು ಬಿಟ್ಟಾಗ. ಇದಕ್ಕೆ ಮುಪ್ಪು ಕಾರಣವಿರಬಹುದು, ಕಟ್ಟಿದ ರೀತಿಯೂ ಕಾರಣವಿರಬಹುದು. ನಾನು ಮೊದಲ ಬಾರಿ ಸ್ವತಂತ್ರವಾಗಿ ಕೂರಿಸಿದ ಫಲಕಗಳನ್ನು ಗಾಳಿಗೆ ಹಾರಬಾರದೆಂದು ಮೇಲೆ, ಕೆಳಗೆ ಎರಡೂ ಕಡೆ ಎಳೆದು ಕಟ್ಟಿದ್ದೆ. ಬಹಳ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಮರುವರ್ಷ ಮೂರು ಫಲಕಗಳ ಬುಡ ಸೀಳಿತು. ಮೂರು ಮೀಟರ್ ಉದ್ದದ ಪ್ಲಾಸ್ಟಿಕ್ ಫಲಕ ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ಬರುವಷ್ಟರಲ್ಲಿ ಒಂದು ಸೆಂಟಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಮೇಲಿನ ಅಂಚನ್ನು ಮಾತ್ರ ಭದ್ರಪಡಿಸಬೇಕು. ಅಡ್ಡಪಟ್ಟಿಗಳು ಫಲಕ ಏಳದಂತೆ ಹಿಡಿದರೆ ಸಾಕು, ಜಾರದಂತೆ ಹಿಡಿಯಬಾರದು. ಆ ಮೂರು ಫಲಕಗಳನ್ನು ನನ್ನ ಖರ್ಚಿನಲ್ಲಿ ಬದಲಾಯಿಸಿದೆ. ಪಾಠ ಇನ್ನೂ ನೆನಪಿದೆ.

ಮುಪ್ಪನ್ನು ಗುರುತಿಸಲು ಕೊನೆಯ ಕೊಳವೆಯೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಾಗಿ ಮತ್ತೆ ಮೊದಲಿನಂತಾದರೆ ಜೀವವಿದೆ. ಚಟ್ಟೆಂದರೆ ಇಲ್ಲ. ಅಂಗೈಗೆ ತುಸು ಮಸಿಯಂಥ ಪುಡಿ ಅಂಟಿದರೆ ಹೆದರಬೇಡಿ. ಬಿಸಿಲಿನ ನೇರಳಾತೀತ ಕಿರಣಗಳು ಮೇಲ್ಪದರವನ್ನಷ್ಟೇ ತಿಂದಿವೆ. ಪ್ಲಾಸ್ಟಿಕ್ಕಿಗೆ ಬೆರೆಸಿದ ಇಂಗಾಲದ ಕಪ್ಪೇ ಒಳಗಿನದನ್ನು ಕಾಯುತ್ತಿರುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಎಂದು ತಿಂಗಳು ತಿಂಗಳೂ ಹೊಸ ಸೀಳು ಕಾಣಿಸತೊಡಗಿದಾಗ ಮಾತ್ರ ಬದಲಾಯಿಸುವ ಮಾತು. ಆಗಲೂ ಒಂದೆರಡನ್ನೇ ಬದಲಾಯಿಸುವುದಾದರೆ ಅದೇ ತಯಾರಕರ ಅದೇ ಅಳತೆಯದನ್ನು ಕೊಳ್ಳಿ. ಬೇರೆಯವರ ಫಲಕದ ಬಾಯಿಗೆ ಬಾಯಿ ಕೂಡುವುದಿಲ್ಲ.

ಪ್ರಶ್ನೆ: ಪ್ರತಿದಿನ ಬೆಳಿಗ್ಗೆ ಸೋಲಾರ್ ಚಾಲೂ ಆದ ಕೂಡಲೇ ಕೊಳದೊಳಗೆ ಗುಳುಗುಳು ಗುಳ್ಳೆಗಳು ಬರುತ್ತವೆ. ಫಲಕ ಒಡೆದಿದೆಯೇ?

ಉತ್ತರ: ಇಲ್ಲ. ಪಂಪು ನಿಂತಾಗ ಮೇಲಿರುವ ಒಂದು ಸಣ್ಣ ವಾಲ್ವ್ ಗಾಳಿಯನ್ನು ಒಳಗೆ ಬಿಡುತ್ತದೆ, ಫಲಕದ ನೀರು ಕೆಳಗಿಳಿಯುತ್ತದೆ. ಬೆಳಿಗ್ಗೆ ಆ ಗಾಳಿಯನ್ನೇ ನೀರು ಹೊರದೂಡುವುದು. ಕೆಲವು ನಿಮಿಷಗಳಲ್ಲಿ ನಿಂತರೆ ಎಲ್ಲವೂ ಸರಿಯಿದೆ. ದಿನವಿಡೀ ಬರುತ್ತಿದ್ದರೆ ಫಿಲ್ಟರ್ ಕೊಳಕಾಗಿ ಒತ್ತಡ ಕಡಿಮೆಯಾಗಿದೆಯೇ, ಪಂಪಿನ ಹೀರುವ ಬದಿಯಲ್ಲಿ ಮುಚ್ಚಳ ಸಡಿಲವಾಗಿದೆಯೇ ನೋಡಿ. ಗುಳ್ಳೆಯ ಕಾಟ ತಾಳಲಾರದೆ ಆ ಪುಟ್ಟ ವಾಲ್ವಿನ ಬಾಯಿಗೆ ಟೇಪು ಸುತ್ತಿದವರೊಬ್ಬರಿದ್ದರು. ಪಂಪು ನಿಂತಾಗಲೆಲ್ಲ ಇಳಿಯುವ ನೀರಿನ ಸೆಳೆತಕ್ಕೆ ಕೊಳವೆಗಳು ಚಪ್ಪಟೆಯಾಗಿ, ಕೊನೆಗೆ ಮಡಿಕೆ ಬಿದ್ದ ಕಡೆ ಸೀಳಿದವು.

ಪ್ರಶ್ನೆ: ನಡು ಮಧ್ಯಾಹ್ನವೂ ಫಲಕ ಮುಟ್ಟಿದರೆ ತಣ್ಣಗಿರುತ್ತದೆ. ಹಳೆಯದಾಗಿ ಶಕ್ತಿ ಕುಂದಿದೆಯೇ? ಮೇಲೆ ಧೂಳೂ ಕೂತಿದೆ, ತೊಳೆಯಬೇಕೇ?

ಉತ್ತರ: ನನಗೆ ಅತಿ ಹೆಚ್ಚು ಬಂದಿರುವ ದೂರು ಇದೇ, ನಾನು ಅತಿ ಹೆಚ್ಚು ಸಂತೋಷದಿಂದ ಕೇಳುವ ದೂರೂ ಇದೇ. ಮುಟ್ಟಿದರೆ ತಣ್ಣಗಿದೆಯೆಂದರೆ ಬಿಸಿಲಿನ ಶಾಖವನ್ನು ನೀರು ಹೊತ್ತುಕೊಂಡು ಹೋಗುತ್ತಿದೆ ಎಂದರ್ಥ. ಕೈ ಸುಡುವ ಫಲಕ ಶಾಖವನ್ನು ಗಾಳಿಗೆ ಚೆಲ್ಲುತ್ತಿರುತ್ತದೆ. ಒಂದು ಚದರ ಮೀಟರ್ ಫಲಕಕ್ಕೆ ನಿಮಿಷಕ್ಕೆ ಸುಮಾರು 4 ಲೀಟರ್ ನೀರು ಹರಿಯುತ್ತಿದ್ದು, ಹೋದ ನೀರಿಗಿಂತ ಬಂದ ನೀರು ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಸಾಕು. ಎಂಟರಲ್ಲಿ ಒಂದು ಮಾತ್ರ ಬಿಸಿಯಾಗಿದ್ದರೆ ಅದರೊಳಗೆ ಗಾಳಿ ಸಿಕ್ಕಿಕೊಂಡಿದೆ ಅಥವಾ ಕಸ ಕಟ್ಟಿದೆ. ಹೀಗೆ ಅಂಗೈಯಿಂದಲೇ ಸಾಲನ್ನು ಪರೀಕ್ಷಿಸಬಹುದು, ಥರ್ಮಾಮೀಟರ್ ಬೇಡ.

ಧೂಳಿನ ಬಗ್ಗೆಯೂ ಕೇಳಿದ್ದೀರಿ. ಗಾಜಿಲ್ಲದ ಈ ಫಲಕಗಳಿಗೆ ತೆಳು ಧೂಳು ಲೆಕ್ಕಕ್ಕಿಲ್ಲ. ವರ್ಷಕ್ಕೊಮ್ಮೆ ಪೈಪಿನಲ್ಲಿ ನೀರು ಬಿಟ್ಟರೆ ಸಾಕು. ಎಲೆಗಳು ಫಲಕದ ಅಡಿಯಲ್ಲಿ ಕೊಳೆಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಕ್ಲೋರಿನ್ ಬಿಲ್ಲೆ ಹಾಕುವ ಡಬ್ಬಿಯನ್ನು ಫಲಕಕ್ಕೆ ಮೊದಲು ಜೋಡಿಸಬೇಕೇ, ನಂತರವೇ?

ಉತ್ತರ: ನಂತರವೇ. ಫಲಕಗಳಿಂದ ನೀರು ಮರಳಿ ಬರುವ ಕೊಳವೆಯಲ್ಲಿ, ಕೊಳಕ್ಕೆ ಸೇರುವ ಮುಂಚೆ ಅದು ಕಟ್ಟಕಡೆಯದಾಗಿರಲಿ. ಮೊದಲೇ ಇದ್ದರೆ ಪಂಪು ನಿಂತ ಹೊತ್ತಿನಲ್ಲಿ ಕಡು ಕ್ಲೋರಿನ್ ನೀರು ಅಲ್ಲಿಯೇ ಮಡುಗಟ್ಟಿ, ಮರುದಿನ ನೇರ ಫಲಕದೊಳಕ್ಕೆ ನುಗ್ಗುತ್ತದೆ. ಕೊಳದ ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬುದರ ಅಳತೆ) 7.2ರಿಂದ 7.8ರ ನಡುವೆ ಇರಲಿ. ತಾಮ್ರದ ಕೊಳವೆಯ ಫಲಕವಾದರೆ ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು. ಹುಳಿ ನೀರು ತಾಮ್ರವನ್ನು ಕರಗಿಸಿ ಕೊಳದ ಗೋಡೆಗೆ ಹಸಿರು ಕಲೆ ಮೆತ್ತುತ್ತದೆ.

ಪ್ರಶ್ನೆ: ನಮ್ಮಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಫಲಕಗಳನ್ನು ಇಳಿಸಿಡಬೇಕೇ?

ಉತ್ತರ: ಇಳಿಸುವುದು ಬೇಡ, ಬರಿದು ಮಾಡಿ. ನೀರು ಮಂಜುಗಡ್ಡೆಯಾಗುವಾಗ ಶೇ. 9ರಷ್ಟು ಹಿಗ್ಗುತ್ತದೆ, ತೆಳು ಕೊಳವೆ ಅದನ್ನು ತಡೆಯದು. ಸೋಲಾರ್ ಸಾಲಿನ ವಾಲ್ವನ್ನು ಮುಚ್ಚಿ, ಅತಿ ಕೆಳಗಿನ ತುದಿಯ ಬಿರಡೆ ಬಿಚ್ಚಿ, ಇಡೀ ದಿನ ಹಾಗೆಯೇ ಬಿಡಿ. ಫಲಕ ಒಂದು ಕಡೆಗೆ ಬಾಗಿ ಕೂತಿದ್ದರೆ ಮೂಲೆಯಲ್ಲಿ ನೀರು ಉಳಿದಿರುತ್ತದೆ, ಆ ಮೂಲೆಯನ್ನು ಕೈಯಿಂದ ಎತ್ತಿ ಬಸಿಯಿರಿ. ಬಿಚ್ಚಿದ ಬಿರಡೆಯನ್ನು ಪಂಪಿನ ಪಕ್ಕದಲ್ಲೇ ದಾರ ಕಟ್ಟಿ ನೇತುಹಾಕಿ. ಚಳಿಗಾಲ ಮುಗಿದ ಮೇಲೆ ಅದನ್ನು ಹುಡುಕುವುದರಲ್ಲೇ ನನ್ನ ಎಷ್ಟೋ ಬೆಳಗುಗಳು ಕಳೆದಿವೆ.