ಚಂದನ ಇರುವಾಗ ಪ್ರದೇಶಕ್ಕೊಂದು ಸಾರ್ವಜನಿಕ ಟಿವಿ ಏಕೆ ಬೇಕು?

‘ಇಷ್ಟೊಂದು ಖಾಸಗಿ ವಾಹಿನಿಗಳಿವೆ, ದೂರದರ್ಶನದ ಚಂದನವೂ ಇದೆ. ಇನ್ನು ಜನರ ದುಡ್ಡಿನಲ್ಲಿ ಪ್ರದೇಶಕ್ಕೊಂದು ಟಿವಿ ಯಾರಿಗೆ ಬೇಕು?’ ಎಂದು ಕೇಳಿದ್ದೀರಿ. ನಾನು ಕಲಬುರಗಿ ಕಡೆಯವನು. ನಮಗೆ ಬೇಕು. ಏಕೆಂದು ಹೇಳುತ್ತೇನೆ.

ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ರಾಜಧಾನಿಗಲ್ಲ, ನಮ್ಮ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹ ಬಳಸಿ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಕೋಳಿಗೂಡಿಗೆ ಬಡಿಯುವಂಥ ತಂತಿ ಜಾಲರಿಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಆಂಟೆನಾ. ಊರಿಗೆಲ್ಲ ಸೇರಿ ಒಂದೇ ಟಿವಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ. ನನಗೆ ಬಹಳ ಹಿಡಿಸುವ ಸಂಗತಿ ಮತ್ತೊಂದಿದೆ: ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳುಹಿಸುವ ವ್ಯವಸ್ಥೆ ಅದರಲ್ಲಿತ್ತು. ಅಂದರೆ ಭಾಷೆ ಬೇರೆಯಾದರೂ ನೋಡುಗರು ಹೊರಗುಳಿಯಬಾರದು ಎಂಬ ಎಚ್ಚರ ಆಗಲೇ ಇತ್ತು. ವರ್ಷ ಮುಗಿಯಿತು, ಉಪಗ್ರಹ ದೂರ ಸರಿಯಿತು. 1977ರಲ್ಲಿ ಕಲಬುರಗಿಯಲ್ಲಿ ಟಿವಿ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು.

ಒಂದು ಕೊರತೆಯಂತೂ ಇತ್ತು. ಸೈಟ್‌ನ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಅದೇ ಹೊತ್ತಿಗೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇಸ್ರೊದವರು ಇನ್ನೊಂದು ದಾರಿ ಹಿಡಿದರು. ಪಿಜ್ ಎಂಬ ಹಳ್ಳಿಯಲ್ಲಿ ಸಣ್ಣ ಪ್ರಸಾರ ಕೇಂದ್ರ ಹಾಕಿ, ಆ ಸೀಮೆಯ ಚರೋತರಿ ಆಡುಮಾತಿನಲ್ಲೇ ಕಾರ್ಯಕ್ರಮ ಮಾಡಿದರು. ಕೂಲಿ ಕೊಡದೆ ಸತಾಯಿಸುವುದು, ಜಾತಿಯ ಕಾರಣಕ್ಕೆ ದೂರ ಇಡುವುದು, ಎಲ್ಲವೂ ತೆರೆಯ ಮೇಲೆ ಬಂತು, ಹಳ್ಳಿಯವರೇ ಪಾತ್ರಧಾರಿಗಳಾದರು. ಈ ಯೋಜನೆಗೆ ಯುನೆಸ್ಕೊ ಪ್ರಶಸ್ತಿಯೂ ಬಂತು. ಆದರೂ 1985ರಲ್ಲಿ, ಮುಚ್ಚಬೇಡಿ ಎಂದು ಜನ ಪ್ರತಿಭಟಿಸಿದರೂ, ಪಿಜ್ ಕೇಂದ್ರವನ್ನು ಮುಚ್ಚಿದರು. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಜಾಹೀರಾತಿನಿಂದ ಬದುಕುವ ವಾಹಿನಿ ಹೆಚ್ಚು ಜನ ಎಲ್ಲಿದ್ದಾರೋ ಅಲ್ಲಿಗೇ ಹೋಗುತ್ತದೆ. ಅದನ್ನು ದೂರಿ ಫಲವಿಲ್ಲ. ಆದರೆ 2011ರ ಜನಗಣತಿಯ ಪ್ರಕಾರ ಕೊಡವ ಭಾಷೆಯನ್ನು ತಾಯ್ನುಡಿ ಎಂದವರು ದೇಶದಲ್ಲಿ ಒಂದು ಲಕ್ಷದ ಹದಿಮೂರು ಸಾವಿರದಷ್ಟು ಮಾತ್ರ. ಅವರಿಗಾಗಿ ದಿನವೂ ಸುದ್ದಿ ಓದುವ ಲೆಕ್ಕಾಚಾರ ಯಾವ ವ್ಯಾಪಾರಿಗೆ ಕೂಡಿಬರುತ್ತದೆ? ಹದಿನೆಂಟು ಲಕ್ಷ ಮೀರಿದ ತುಳುವರ ಕಥೆ ಪರವಾಗಿಲ್ಲ. ಬ್ಯಾರಿ, ಲಂಬಾಣಿ ಮಾತಿನವರು, ದಖ್ಖನಿ ಉರ್ದುವಿನ ನಮ್ಮೂರ ನೆರೆಹೊರೆಯವರು ಯಾರನ್ನು ಕೇಳಬೇಕು? ಭಾಷೆ ಒಂದೇ ಆದರೂ ಬೇಕುಗಳು ಬೇರೆ. ತೊಗರಿಗೆ ನೆಟೆ ರೋಗ ತಗುಲಿದಾಗ ನಮ್ಮ ರೈತನಿಗೆ ಬೇಕಾದದ್ದು ನಮ್ಮ ಕಪ್ಪು ಮಣ್ಣು ಬಲ್ಲವರ ಮಾತು, ಅದೂ ನಮ್ಮ ಧಾಟಿಯಲ್ಲಿ. ಅಡಿಕೆಯ ಎಲೆಚುಕ್ಕಿ ರೋಗದ ಚರ್ಚೆ ಮಲೆನಾಡಿಗೆ ಜೀವಾಳ, ನಮಗೆ ಬರೀ ಸುದ್ದಿ.

ಚಂದನದ ಬಗ್ಗೆ ನನಗೆ ಗೌರವವಿದೆ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಮಕ್ಕಳಿಗೆ ಪಾಠ ಮುಟ್ಟಿಸಿದ್ದು ಅದೇ ವಾಹಿನಿ. ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್‌ನಲ್ಲಿ ಅದು ಸಿಗುತ್ತದೆ, ಬಡವರ ಮನೆಗೆ ಇದು ಸಣ್ಣ ಮಾತಲ್ಲ. ಆದರೆ ಒಂದೇ ವಾಹಿನಿ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರ ಪಾಲಿಗೂ ಎಷ್ಟೆಂದು ಹಂಚಿಕೊಂಡೀತು?

ಪ್ರತಿ ಜಿಲ್ಲೆಗೂ ಹೊಸ ಗೋಪುರ, ಹೊಸ ಕಟ್ಟಡ ಬೇಕೆಂದು ನಾನು ಕೇಳುತ್ತಿಲ್ಲ. ಪ್ರಾದೇಶಿಕವಾಗಿ ಒಂದು ಪುಟ್ಟ ತಂಡ, ಅಲ್ಲಿಯ ಮಾತು ಬಲ್ಲ ವರದಿಗಾರರು, ಎರಡು ಕ್ಯಾಮೆರಾ, ಜನ ಮನೆಯಲ್ಲಿರುವ ಸಂಜೆ ಹೊತ್ತಿನಲ್ಲಿ ದಿನಕ್ಕೆ ಅರ್ಧ ಗಂಟೆ. ಅದೇ ಕಾರ್ಯಕ್ರಮವನ್ನು ಯೂಟ್ಯೂಬಿಗೂ ಹಾಕಲಿ. ಏನು ತೋರಿಸಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಅಧಿಕಾರಿಗಳಷ್ಟೇ ಅಲ್ಲದೆ, ಕೂಲಿಯವರು, ಆಶಾ ಕಾರ್ಯಕರ್ತೆಯರು, ತಾಂಡಾದವರು ಕೂರಲಿ.